ಉದ್ದ ಓಟಕ್ಕೆ ಒಂಚೂರು ಸಕ್ಕರೆ ಇರಲಿ

"ಸಕ್ಕರೆ ಬಿಟ್ಟು ಮೂರು ತಿಂಗಳಾಯ್ತು ಮಗಾ. ಭಾನುವಾರ 25 ಕಿಲೋಮೀಟರ್ ಬರೀ ನೀರಲ್ಲೇ ಓಡ್ತೀನಿ. ಆದ್ರೆ ಮಂಗಳವಾರ ಗಂಟಲು ಕೆರೆತ ಗ್ಯಾರಂಟಿ" ಅಂದ ಗೆಳೆಯ. ಅವನ ಮನೇಲಿ ಐದು ತಿಂಗಳ ಮಗು ಇದೆ. ನೆಗಡಿ ಅವನೊಬ್ಬನಿಗೇ ನಿಲ್ಲೋದಿಲ್ಲವಲ್ಲ! ಹಾಗಾಗಿ ಈ ವಾರ ಇದೇ ವಿಷಯ.

ಈ ದೂರು ಹಳೇದು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಮುಗಿದ ಮೇಲೆ ಡೇವಿಡ್ ನೀಮನ್ ಮತ್ತು ಸಂಗಡಿಗರು ಓಟಗಾರರನ್ನು ವಿಚಾರಿಸಿದರು. ಓಡಿದವರಲ್ಲಿ ಶೇ 12.9ರಷ್ಟು ಮಂದಿ ಮುಂದಿನ ವಾರ ಹುಷಾರು ತಪ್ಪಿದ್ದಾಗಿ ಹೇಳಿದರು. ಹೆಸರು ಕೊಟ್ಟೂ ಬೇರೆ ಕಾರಣಕ್ಕೆ ಓಡದವರಲ್ಲಿ ಇದು ಬರೀ ಶೇ 2.2.

ಇದಕ್ಕೂ ಸಕ್ಕರೆಗೂ ಏನು ಸಂಬಂಧ? ನಾವು ತಿಂದ ಕಾರ್ಬೋಹೈಡ್ರೇಟ್ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಜಮೆಯಾಗಿರುತ್ತೆ. ಗಂಟೆಗಟ್ಟಲೆ ಓಡಿದರೆ ಆ ಗಂಟು ಕರಗುತ್ತೆ. ರಕ್ತದಲ್ಲಿ ಗ್ಲೂಕೋಸ್ ಇಳಿದಂತೆ ದೇಹ ಕಾರ್ಟಿಸಾಲ್, ಅಡ್ರಿನಾಲಿನ್‌ನಂಥ ಒತ್ತಡದ ಹಾರ್ಮೋನುಗಳನ್ನು ಹೆಚ್ಚಿಸುತ್ತೆ. ಕಾರ್ಟಿಸಾಲ್ ಹೆಚ್ಚಾದರೆ ರೋಗನಿರೋಧಕ ಕಣಗಳ ಕೆಲಸ ಕುಗ್ಗುತ್ತೆ. 1990ರ ದಶಕದಲ್ಲಿ ನೀಮನ್ ತಂಡ ಎರಡೂವರೆ ಗಂಟೆ ಓಡುವವರಲ್ಲಿ ಕೆಲವರಿಗೆ ಸಕ್ಕರೆ ಪಾನೀಯ, ಉಳಿದವರಿಗೆ ಸಕ್ಕರೆಯಿಲ್ಲದ ಪಾನೀಯ ಕೊಟ್ಟು ನೋಡಿತು. ಸಕ್ಕರೆ ಕುಡಿದವರಲ್ಲಿ ಕಾರ್ಟಿಸಾಲ್ ಕಡಿಮೆ ಇತ್ತು, ಬಿಳಿ ರಕ್ತಕಣಗಳ ಏರಿಳಿತವೂ ಕಡಿಮೆ.

ಹಾಗಂತ ಸಕ್ಕರೆ ನೀರು ನೆಗಡಿಗೆ ಮದ್ದಲ್ಲ. ರಕ್ತಪರೀಕ್ಷೆಯ ಅಂಕಿ ಸುಧಾರಿಸೋದು ಬೇರೆ, ಸೋಂಕು ತಪ್ಪೋದು ಬೇರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ 2018ರಲ್ಲಿ ಇನ್ನೊಂದು ಮಾತು ಹೇಳಿದರು: ಓಟದ ನಂತರ ರಕ್ತದಲ್ಲಿ ಕಾಣೆಯಾಗುವ ಲಿಂಫೋಸೈಟ್ ಕಣಗಳು ಸತ್ತಿರೋದಿಲ್ಲ, ಶ್ವಾಸಕೋಶದಂಥ ಕಡೆ ಕಾವಲಿಗೆ ಹೋಗಿರುತ್ತವೆ. ಅಂದರೆ ಜನಜಂಗುಳಿ, ಪ್ರಯಾಣ, ಕೆಟ್ಟ ನಿದ್ದೆ ಇವುಗಳ ಮೇಲೂ ಅನುಮಾನ ಪಡಬೇಕು.

ನಾನು ಪಾಲಿಸೋ ಲೆಕ್ಕ ಸರಳ. ಒಂದು ಗಂಟೆಯೊಳಗಿನ ಓಟಕ್ಕೆ ನೀರು ಸಾಕು. ಅದಕ್ಕಿಂತ ಉದ್ದವಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಮಧ್ಯಮ ಗಾತ್ರದ ಪಚ್ಚಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ ಸಿಗುತ್ತೆ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು ಹಿಂಡಿದರೂ ಆಯ್ತು. ದುಬಾರಿ ಜೆಲ್ ಬೇಕೇ ಬೇಕು ಅಂತೇನಿಲ್ಲ. ಮೊದಲ ಸಲ ರೇಸ್ ದಿನವೇ ಕುಡೀಬೇಡಿ, ಹೊಟ್ಟೆ ಕೈಕೊಡಬಹುದು. ಡಯಾಬಿಟಿಸ್ ಇದ್ದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಆಫೀಸ್ ಟೀಗೆ ಸಕ್ಕರೆ ಬಿಟ್ಟಿದ್ದೀರಾ? ಒಳ್ಳೇದು, ಹಾಗೇ ಇರಲಿ. ಆ ಎರಡು ಚಮಚಾನ ಭಾನುವಾರದ ಬಾಟಲಿಗೆ ಹಾಕ್ಕೊಳಿ. ಶನಿವಾರ ರಾತ್ರಿ ಮಾತ್ರ ಸಿರೀಸ್ ನೋಡ್ತಾ ಕೂರಬೇಡಿ, ಬೇಗ ಮಲಗಿ.