ಪಂಚಾಂಗ ನೋಡಿ ಹೊರಡುವ ಪ್ರವಾಸ

ಮುಂಬಯಿಯ ಸಂಸಾರವಂದಿಗರಿಗೆ ಒಂದೇ ಒಂದು ದಿನದ ಬಿಡುವು ದೊರೆತಾಗ ನೆನಪಾಗುವ ಊರುಗಳಲ್ಲಿ ಅಲಿಬಾಗ್ ಮೊದಲನೆಯ ಸಾಲಿನದು. ರಸ್ತೆಯಲ್ಲಿ ಹೋದರೆ ಕೊಲ್ಲಿಯನ್ನು ಸುತ್ತಿಕೊಂಡು ಸುಮಾರು 100 ಕಿಲೋಮೀಟರುಗಳ ದಾರಿ. ಗೇಟ್‌ವೇ ಆಫ್ ಇಂಡಿಯಾದ ಬಳಿ ಮೆಟ್ಟಿಲಿಳಿದು ದೋಣಿ ಹತ್ತಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಮಾಂಡ್ವಾದ ಧಕ್ಕೆ. ಅಲ್ಲಿಂದ ತೆಂಗು ಅಡಿಕೆಗಳ ನಡುವೆ 20 ಕಿಲೋಮೀಟರುಗಳಷ್ಟು ಬಸ್ಸಿನ ಪ್ರಯಾಣ. ಚಳಿಗಾಲದಲ್ಲಿ ಕಡಲಹಕ್ಕಿಗಳು ದೋಣಿಯ ಬೆನ್ನಟ್ಟಿ ಬರುತ್ತವೆ. ಮಕ್ಕಳು ತಮ್ಮ ಪಾಲಿನ ಕುರುಕಲನ್ನೆಲ್ಲ ಅವುಗಳಿಗೆ ಎಸೆದು, ಊರು ಮುಟ್ಟುವ ಮೊದಲೇ ಹಸಿವೆಂದು ತಾಯಂದಿರನ್ನು ಪೀಡಿಸುವುದೂ ಈ ಪ್ರಯಾಣದ ಒಂದು ಅಂಗವೇ ಆಗಿದೆ.

ಇಷ್ಟು ಸುಲಭವಾದ ಪ್ರವಾಸಕ್ಕೆ ಹೋದವರಲ್ಲಿ ಅನೇಕರು ನೋಡಬೇಕಾದುದನ್ನು ನೋಡದೆ ಹಿಂದಿರುಗುತ್ತಾರೆ. ಅಲಿಬಾಗದ ಮುಖ್ಯ ಆಕರ್ಷಣೆ ಕುಲಾಬಾ ಕೋಟೆ. ಅದು ದಡದಲ್ಲಿಲ್ಲ, ಎದುರಿನ ಕಡಲಿನಲ್ಲಿದೆ. ನೀರು ಇಳಿದಾಗ ಮಕ್ಕಳು ಮುದುಕರೆನ್ನದೆ ಎಲ್ಲರೂ ಮರಳಿನ ಮೇಲೆ ನಡೆದು ಅದರ ಬಾಗಿಲು ಸೇರಬಹುದು. ಏರಿದಾಗ ಅದು ದ್ವೀಪ. ಗಡಿಯಾರವನ್ನಷ್ಟೇ ನಂಬಿ ಬಂದವರಿಗೆ ನೀರು ಯಾವಾಗ ಇಳಿಯುತ್ತದೆಂಬುದು ತಿಳಿಯುವುದು ದಡದಲ್ಲಿ ನಿಂತ ಮೇಲೆಯೇ.

ಇದಕ್ಕೆ ಬೇಕಾದ ಲೆಕ್ಕ ಪ್ರತಿ ಮನೆಯ ಗೋಡೆಯ ಮೇಲೆಯೇ ತೂಗುತ್ತಿದೆ. ಕೊಂಕಣದ ಬೆಸ್ತರು ತಲೆಮಾರುಗಳಿಂದ ಬಳಸುತ್ತ ಬಂದ ಸೂತ್ರವೊಂದುಂಟು: ಅಂದಿನ ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಬರುವುದು ಪೂರ್ಣ ಉಬ್ಬರದ ಗಂಟೆ. ಅದಕ್ಕೆ ಆರು ಗಂಟೆ ಕೂಡಿಸಿದರೆ ಇಳಿತ. ಚಂದ್ರನು ದಿನದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚಾಗಿ ತಡಮಾಡುವುದರಿಂದ ಕಡಲೂ ಅಷ್ಟೇ ತಡಮಾಡುತ್ತದೆ. ಸೂತ್ರದ ಗುಟ್ಟು ಇಷ್ಟೇ. ಶುಕ್ಲಪಕ್ಷಕ್ಕೂ ಕೃಷ್ಣಪಕ್ಷಕ್ಕೂ ಲೆಕ್ಕ ಒಂದೇ. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗಬಹುದಾದರೂ ಪ್ರವಾಸದ ದಿನವನ್ನು ಗೊತ್ತುಮಾಡಲು ಇದಕ್ಕಿಂತ ಹೆಚ್ಚಿನ ಗಣಿತ ಬೇಕಿಲ್ಲ.

ಹುಣ್ಣಿಮೆ ಅಮಾವಾಸ್ಯೆಗಳಂದು ನೀರು ನಡುಹಗಲಿನ ಹೊತ್ತಿಗೆ ಉಕ್ಕಿ ನಿಲ್ಲುತ್ತದೆ. ಇಳಿಯುವುದು ಸಂಜೆ ಆರಕ್ಕೆ, ಊರಿಗೆ ಮರಳುವವರು ದೋಣಿಗಾಗಿ ಧಾವಿಸುವ ವೇಳೆಗೆ. ಹುಣ್ಣಿಮೆಯ ಬೆಳದಿಂಗಳನ್ನೂ ಕೋಟೆಯನ್ನೂ ಒಂದೇ ದಿನ ನೋಡಬಯಸುವವರು ಅಲ್ಲಿಯೇ ತಂಗುವುದು ಲೇಸು. ಅಷ್ಟಮಿಯಂದು ಇಳಿತ ಮಧ್ಯಾಹ್ನಕ್ಕೇ ಬರುತ್ತದೆಂಬುದು ನಿಜ, ಆದರೆ ಅಂದಿನ ಇಳಿತ ಮಂದವಾದುದು. ನೀರು ಸಂಪೂರ್ಣ ಸರಿಯದೆ ಕುದುರೆಗಾಡಿ ಹತ್ತಬೇಕಾಗಬಹುದು. ದಶಮಿ, ಏಕಾದಶಿ, ದ್ವಾದಶಿಗಳು ಉತ್ತಮ. ಏಕಾದಶಿಯ ಉಬ್ಬರ ಬೆಳಗಿನ ಎಂಟೂಕಾಲರ ಸುಮಾರಿಗೆ. ಇಳಿತ ಮಧ್ಯಾಹ್ನ ಎರಡೂವರೆ ಮೂರಕ್ಕೆ. ಉಪವಾಸದ ದಿನವೆಂದು ಹಿರಿಯರು ಹಿಂಜರಿಯಬೇಕಾಗಿಲ್ಲ. ಸಾಬೂದಾಣೆಯ ಖಿಚಡಿಗೆ ಮಹಾರಾಷ್ಟ್ರದಲ್ಲಿ ಯಾವ ಊರಿನಲ್ಲಿಯೂ ಕೊರತೆಯಿಲ್ಲ.

ಕೋಟೆಯೂ ಕಾದು ನೋಡುವಂಥದೇ. ಶಿವಾಜಿ ಮಹಾರಾಜರು ತಮ್ಮ ಕೊನೆಯ ದಿನಗಳಲ್ಲಿ ಕಟ್ಟಿಸಲಾರಂಭಿಸಿದ ಇದು ಮುಂದೆ ಮರಾಠರ ನೌಕಾಪತಿ ಕಾನ್ಹೋಜಿ ಆಂಗ್ರೆಯ ನೆಲೆಯಾಯಿತು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟುಗೂಡಿ ಮುತ್ತಿಗೆ ಹಾಕಿದರೂ ಬರಿಗೈಯಲ್ಲಿ ಮರಳಬೇಕಾಯಿತು. ಗೋಡೆಯ ಭಾರೀ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ್ದಾರೆ. ಅಲೆಯ ನೀರು ಸಂದುಗಳಲ್ಲಿ ನುಗ್ಗಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಒಳಗೆ 1759ರಲ್ಲಿ ರಾಘೋಜಿ ಆಂಗ್ರೆ ಕಟ್ಟಿಸಿದ ಸಿದ್ಧಿವಿನಾಯಕನ ಗುಡಿ, ಸುತ್ತಲೂ ಉಪ್ಪುನೀರಿದ್ದರೂ ಸಿಹಿನೀರು ಕೊಡುವ ಬಾವಿ. ನೀರು ಮತ್ತೆ ಏರತೊಡಗಿದಾಗ ಗಾಡಿಯವರು ಕೂಗಿ ಕರೆಯುತ್ತಾರೆ. ‘ಇನ್ನೊಂದು ಛಾಯಾಚಿತ್ರ’ ಎಂದು ಆಗ ತಡಮಾಡುವವರು ಸಹ ಪ್ರಯಾಣಿಕರ ಶಾಪಕ್ಕೆ ಪಾತ್ರರಾಗುವುದಲ್ಲದೆ ತಮ್ಮ ಮಕ್ಕಳನ್ನು ಮೊಣಕಾಲುದ್ದದ ಸೆಳೆತದಲ್ಲಿ ನಡೆಸಬೇಕಾಗುತ್ತದೆ.

ಊರಿನಲ್ಲಿ ಕಾಂತ ವೀಕ್ಷಣಾಲಯವೊಂದಿದೆ. ಮುಂಬಯಿಯ ಕೊಲಾಬಾದಲ್ಲಿದ್ದ ಹಳೆಯ ವೀಕ್ಷಣಾಲಯದ ಸೂಕ್ಷ್ಮ ಮುಳ್ಳುಗಳನ್ನು ಬರಲಿದ್ದ ವಿದ್ಯುತ್ ಟ್ರಾಮುಗಳು ಕೆಡಿಸುವುವೆಂದು 1904ರಲ್ಲಿ ಇದನ್ನು ಇಲ್ಲಿ ಸ್ಥಾಪಿಸಿದರು. ಟ್ರಾಮುಗಳು 1964ರಲ್ಲಿ ಕಣ್ಮರೆಯಾದುವು, ವೀಕ್ಷಣಾಲಯ ಉಳಿದುಕೊಂಡಿತು. ‘ಅಲಿಬಾಗಿನಿಂದ ಬಂದೆಯಾ?’ ಎಂದು ಪೆದ್ದರನ್ನು ಹಂಗಿಸುವ ಮುಂಬಯಿಗರ ಮಾತನ್ನು ನಿಷೇಧಿಸಬೇಕೆಂದು 2019ರಲ್ಲಿ ಉಚ್ಚ ನ್ಯಾಯಾಲಯದವರೆಗೂ ಅರ್ಜಿ ಹೋಗಿತ್ತು, ಫಲಿಸಲಿಲ್ಲ. ಭೂಮಿಯ ಕಾಂತಶಕ್ತಿಯನ್ನು ಅಳೆಯಲು ಮುಂಬಯಿಗಿಂತ ಯೋಗ್ಯವೆನಿಸಿದ ಊರಿಗೆ ಈ ಬಿರುದು ಸಲ್ಲತಕ್ಕದ್ದಲ್ಲ. ಬೇಸಗೆಯಲ್ಲಿ ಹೋದ ಗೃಹಿಣಿಯರು ಜಡೆ ಹೆಣೆದು ಮಾರುವ ಬಿಳಿ ಈರುಳ್ಳಿಯನ್ನು ಕೊಳ್ಳದೆ ಬರುವುದಿಲ್ಲ. ಹಸಿಯಾಗಿಯೇ ತಿನ್ನಬಹುದಾದಷ್ಟು ಸಿಹಿಯದು.

ಹೊರಡಬಾರದ ತಿಂಗಳುಗಳನ್ನೂ ಹೇಳಬೇಕು. ಗೇಟ್‌ವೇಯಿಂದ ಹೊರಡುವ ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ. 2020ರಲ್ಲಿ ಭಾವುಚಾ ಧಕ್ಕೆಯಿಂದ ಆರಂಭವಾದ, ಮೋಟಾರುಗಳನ್ನೂ ಹೊತ್ತೊಯ್ಯುವ ದೊಡ್ಡ ಹಡಗು ಮಳೆಗಾಲದಲ್ಲಿಯೂ ಸಂಚರಿಸುತ್ತದಾದರೂ ಹವೆ ಕೆಟ್ಟ ದಿನ ಅದೂ ಹೊರಡದು. ಟಿಕೆಟ್ಟಿನ ಕಿಟಕಿಯಲ್ಲಿ ಕುಳಿತವರ ಮೇಲೆ ರೇಗುವವರನ್ನು ಅಲ್ಲಿ ಕಾಣಬಹುದು.

1947ರ ಜುಲೈ 17ರ ಬೆಳಿಗ್ಗೆ ಅದೇ ಭಾವುಚಾ ಧಕ್ಕೆಯಿಂದ ‘ರಾಮದಾಸ್’ ಎಂಬ ಹಡಗು, ಅಲಿಬಾಗಿಗೆ ಹೋಗುವವರು ಆಗ ಇಳಿಯುತ್ತಿದ್ದ ರೇವಸ್ ಬಂದರಿಗೆ ಹೊರಟಿತು. ಅದು ಆಷಾಢದ ಅಮಾವಾಸ್ಯೆ. ಕನ್ನಡಿಗರ ಮನೆಗಳಲ್ಲಿ ಹೆಣ್ಣುಮಕ್ಕಳು ಗಂಡಂದಿರ ಆಯುಷ್ಯಕ್ಕಾಗಿ ಪೂಜೆ ಮಾಡುವ ಭೀಮನ ಅಮಾವಾಸ್ಯೆ. ಹಬ್ಬಕ್ಕೆ ಊರಿಗೆ ಹೊರಟವರಿಂದ ಹಡಗು ತುಂಬಿತ್ತು. ಮಳೆಯ ಹೊಡೆತಕ್ಕೆ ಅದು ಒಂದು ಮಗ್ಗುಲಿಗೆ ವಾಲಿತು, ಮಗುಚಿತು. 600ಕ್ಕೂ ಹೆಚ್ಚು ಜನ ನೀರುಪಾಲಾದರು. ನಗರಕ್ಕೆ ಸುದ್ದಿ ತಲಪಿದ್ದು ಹಲವು ಗಂಟೆಗಳು ಕಳೆದ ಮೇಲೆ. ಬದುಕಿ ಉಳಿದ ಕೆಲವರಲ್ಲಿ ಅನೇಕರನ್ನು ನೀರಿನಿಂದ ಎತ್ತಿದವರು ಆ ಕರಾವಳಿಯ ಬೆಸ್ತರು. ಅವರ ದೋಣಿಗಳು ಈಗಲೂ ಅಲಿಬಾಗದ ಕಡೆಯ ದಡಗಳಲ್ಲಿ ಸಾಲಾಗಿ ನಿಂತಿರುತ್ತವೆ. ಕೋಟೆಗೆ ನಡೆದು ಹೋಗಬಹುದೇ ಎಂಬುದನ್ನು ಅವರನ್ನು ಕೇಳಿದರೆ, ತಿಥಿ ಯಾವುದೆಂದು ಹೇಳಿ ಉತ್ತರ ಕೊಡುತ್ತಾರೆ.