ಉಳವಿಯ ಹಾದಿಗೆ ಎಷ್ಟು ಹೊರೆ?



ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಅರಿಯಬೇಕಾದರೆ ಆಕೆಯ ಬದುಕಿನ ಒಂದು ಪ್ರಸಂಗವನ್ನು ನೆನೆಯಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಆ ಅಕ್ಕಿ ಕದ್ದದ್ದಲ್ಲ, ಸಾಲ ತಂದದ್ದೂ ಅಲ್ಲ. ಅದರಲ್ಲಿದ್ದ ದೋಷ ಒಂದೇ: ಅಂದಿನ ಅಗತ್ಯವನ್ನು ಅದು ಮೀರಿತ್ತು.

ಪ್ರವಚನದಲ್ಲಿ ಈ ಪ್ರಸಂಗವನ್ನು ಕೇಳಿ ತಲೆದೂಗುವ ನಾವು ಮನೆಗೆ ಮರಳಿ ಮಾಡುವುದೇನು? ಕೈಯಲ್ಲಿರುವ ಮೊಬೈಲು ಚೆನ್ನಾಗಿಯೇ ನಡೆಯುತ್ತಿದ್ದರೂ ಇನ್ನೊಂದು ಕ್ಯಾಮೆರಾ ಹೆಚ್ಚಿರುವ ಮೊಬೈಲನ್ನು ತರುತ್ತೇವೆ. ಹತ್ತಾರು ಬಗೆಯಲ್ಲಿ ಬಟ್ಟೆ ಒಗೆಯುವ ಯಂತ್ರವನ್ನು ಕೊಂಡು ವರ್ಷವಿಡೀ ಒಂದೇ ಗುಂಡಿಯನ್ನು ಒತ್ತುತ್ತೇವೆ. ಬಳಸದ ಸೌಲಭ್ಯಕ್ಕೂ ನಾವು ಬೆಲೆ ತೆತ್ತಿರುತ್ತೇವೆ. ಇದನ್ನು ಪ್ರಗತಿಯೆಂದು ಕರೆಯುವುದು ತಪ್ಪು. ಬೆವರು ಸುರಿಸಿ ಗಳಿಸಿದ ಕಾಯಕದ ಫಲವನ್ನು ಜಾಹೀರಾತಿನ ಮಾತಿಗೆ ಒಪ್ಪಿಸುವ ಅವಿವೇಕವಿದು.

ಕೈಯಲ್ಲಿ ಹಣವಿಲ್ಲದವರಿಗೆ ಕಂತಿನ ದಾರಿ ತೆರೆದಿದೆ. "ಬಡ್ಡಿಯೇ ಇಲ್ಲ" ಎಂಬ ಫಲಕ ಅಂಗಡಿಯ ಬಾಗಿಲಲ್ಲೇ ತೂಗುತ್ತದೆ. ಆದರೆ ಶೂನ್ಯ ಬಡ್ಡಿ ಎಂಬ ಕಲ್ಪನೆಗೇ ಅಸ್ತಿತ್ವವಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆಯ ಮೂಲಕ ತಿಳಿಸಿತು. ಬಡ್ಡಿಯು ಬೇರೊಂದು ಶುಲ್ಕದ ವೇಷ ತೊಟ್ಟು ಕೊಳ್ಳುವವನ ತಲೆಯ ಮೇಲೆಯೇ ಬಂದು ಕೂಡುತ್ತದೆ. ಹಳಿಯಾಳದ ಸೀಮೆಯಲ್ಲಿ ಕಬ್ಬಿನ ಬಿಲ್ಲು ಕೈಸೇರುವ ಮೊದಲೇ ಕಂತಿನ ದಿನ ಬಂದು ನಿಂತರೆ ರೈತನ ಗತಿಯೇನು? "ದುಬಾರಿ ಮೊಬೈಲಿಲ್ಲದೆ ಇಂದು ವ್ಯವಹಾರ ಸಾಗದು" ಎಂಬ ಮಾತನ್ನೂ ಪರೀಕ್ಷಿಸಿ ನೋಡಬೇಕು. ಸಾಮಾನ್ಯ ಗುಂಡಿ ಮೊಬೈಲಿನಿಂದಲೂ ಹಣ ಕಳುಹಿಸಬಹುದಾದ ಯುಪಿಐ 123ಪೇ ವ್ಯವಸ್ಥೆ 2022ರ ಮಾರ್ಚಿನಲ್ಲಿಯೇ ಬಂದಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸರಳತೆಯೆಂಬುದು ಉಳ್ಳವರು ಇಲ್ಲದವರಿಗೆ ಮಾಡುವ ಉಪದೇಶವಲ್ಲವೇ? ಹಾಗಲ್ಲ. ಜೋಯಿಡಾದ ಕಾಡಿನೊಳಗಿನ ಮಜರೆಗಳಿಗೆ ದೂರವಾಣಿ ಸಂಪರ್ಕ ಬೇಕು; ಮುಂಡಗೋಡದ ಬಡ ವಿದ್ಯಾರ್ಥಿಗೆ ಪಾಠ ಕೇಳುವ ಸಾಧನ ಬೇಕು. ಇವು ದಾಸೋಹಕ್ಕೆ ಬೇಕಾದ ಅಕ್ಕಿ. ಇವನ್ನು ಬೇಡವೆನ್ನುವವನು ಶರಣಧರ್ಮವನ್ನು ಅರಿತವನಲ್ಲ. ನಮ್ಮ ಆಕ್ಷೇಪವಿರುವುದು ಚೀಲ ತುಂಬಿದ ಮೇಲೂ ಆಯುವುದನ್ನು ನಿಲ್ಲಿಸದ ಕೈಯ ಬಗ್ಗೆ.

ಆ ಕೈಯ ಹೆಚ್ಚುವರಿಗೆ ಬೇರೆ ಯಾರೋ ಬೆಲೆ ತೆರುತ್ತಾರೆ. ಗಣೇಶಗುಡಿಯ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದ ಹಳೆಯ ಸೂಪಾ ಊರು ಆ ನೀರಿನಲ್ಲಿ ಮುಳುಗಿತು. ಅನೇಕ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಬೇಕಾಯಿತು. ನಾಡಿನ ಮನೆಗಳ ದೀಪಕ್ಕಾಗಿ ಒಂದು ಊರು ತನ್ನ ಅಂಗಳವನ್ನೇ ಬಿಟ್ಟುಕೊಟ್ಟಿತು. ಯಾರೂ ಇಲ್ಲದ ಕೋಣೆಯಲ್ಲಿ ಟಿ.ವಿ.ಯನ್ನು ಉರಿಯಬಿಟ್ಟವರು ಆ ಅಂಗಳವನ್ನು ಒಮ್ಮೆ ನೆನೆಯಲಿ.

ಸರಳ ಬದುಕಿನ ಪಾಠಕ್ಕಾಗಿ ನಾವು ದೂರ ಹೋಗಬೇಕಿಲ್ಲ. ಹಳಿಯಾಳ, ಮುಂಡಗೋಡಗಳ ಸಿದ್ದಿ ತಾಯಂದಿರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಜೋಯಿಡಾದ ಕುಣಬಿ ರೈತರು ಬಗೆಬಗೆಯ ಗೆಡ್ಡೆಗೆಣಸುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಕೊಳ್ಳುವ ಶಕ್ತಿಯಿಂದಲೇ ಮನುಷ್ಯನ ಯೋಗ್ಯತೆಯನ್ನು ಅಳೆಯುವ ಕಾಲಕ್ಕೆ ಇವರು ಹಿಂದುಳಿದವರಾಗಿ ಕಾಣುತ್ತಾರೆ. ಹರಿದುದನ್ನು ಹೊಲಿದು ಬಾಳುವವರು ಹಿಂದುಳಿದವರೋ, ಕೆಡದಿದ್ದುದನ್ನೂ ಎಸೆಯುವ ನಾವೋ? ಎಸೆದ ಮೊಬೈಲು, ಬ್ಯಾಟರಿಗಳ ವಿಷ ಮಣ್ಣು, ನೀರುಗಳಿಗೆ ಇಳಿಯುತ್ತದೆ. 2023ರ ಏಪ್ರಿಲ್ 1ರಿಂದ ಇ-ತ್ಯಾಜ್ಯದ ಹೊಸ ನಿಯಮಗಳು ಜಾರಿಯಲ್ಲಿವೆ ನಿಜ. ಆದರೆ ಬೇಡದ್ದನ್ನು ಮನೆಗೆ ತರಬೇಡಿ ಎಂದು ಯಾವ ನಿಯಮವೂ ಹೇಳಲಾರದು. ಅದನ್ನು ನಮ್ಮ ಅಂತರಂಗವೇ ಹೇಳಬೇಕು.

ಕಲ್ಯಾಣದ ಕ್ರಾಂತಿಯ ಬಳಿಕ ಚೆನ್ನಬಸವಣ್ಣನವರೊಡನೆ ಶರಣರು ಈ ಕಾಡಿನ ಉಳವಿಗೆ ಬಂದರೆಂಬುದು ನಮ್ಮ ಪರಂಪರೆಯ ನಂಬುಗೆ. ಬೆನ್ನಟ್ಟಿದ ಸೈನ್ಯದ ನಡುವೆ ಅವರು ಕಲ್ಯಾಣದ ಸಿರಿಯನ್ನು ಬಿಟ್ಟರು. ವಚನಗಳ ಕಟ್ಟುಗಳನ್ನು ಬಿಡಲಿಲ್ಲ. ಏನನ್ನು ಹೊರಬೇಕು, ಏನನ್ನು ಇಳಿಸಬೇಕು ಎಂಬ ವಿವೇಕ ಅವರಲ್ಲಿತ್ತು. ಇಂದಿಗೂ ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಉಳವಿಗೆ ಬರುವ ರೈತನಿಗೆ ಈ ಲೆಕ್ಕ ಗೊತ್ತು. ರೊಟ್ಟಿ ಬುತ್ತಿ ಬೇಕು, ಎತ್ತುಗಳಿಗೆ ಮೇವು ಬೇಕು. ಅದಕ್ಕೆ ಮೀರಿ ಹೇರಿದರೆ ಏರುದಾರಿಯಲ್ಲಿ ದಣಿಯುವುದು ಎತ್ತು.

ಈ ಮಾತು ಮಠಗಳಿಗೂ ಸಲ್ಲುತ್ತದೆ. ಸಾವಿರ ಜನ ಸೇರಿದಾಗ ಪ್ರವಚನಕ್ಕೆ ಧ್ವನಿವರ್ಧಕ ಬೇಕು. ಕಣ್ಣು ಕುಕ್ಕುವ ಎಲ್‌ಇಡಿ ಪರದೆಗಳ ಆಡಂಬರ ಬೇಕೆ? ಭಕ್ತರ ಕಾಣಿಕೆ ದಾಸೋಹಕ್ಕೆ ಸಂದಷ್ಟೂ ಸಾರ್ಥಕ.

ಆದುದರಿಂದ, ಬಂಧುಗಳೆ, ಹೊಸ ವಸ್ತುವೊಂದನ್ನು ಕೊಳ್ಳುವ ಮೊದಲು ಮನೆಮಂದಿಯೆಲ್ಲ ಕುಳಿತು ಕೇಳಿಕೊಳ್ಳಿರಿ: ಇದಿಲ್ಲದೆ ಯಾವ ಕಾಯಕ ನಿಂತಿದೆ? ಹಳೆಯದನ್ನು ದುರಸ್ತಿ ಮಾಡಿಸಲಾಗದೆ? ಸಾಲವಿಲ್ಲದೆ ಕೊಳ್ಳಬಲ್ಲೆವೆ? ಬೇಡವೆಂದು ತೀರ್ಮಾನವಾದರೆ ಉಳಿದ ಹಣದಲ್ಲಿ ಒಂದು ಪಾಲನ್ನು ನೆರೆಮನೆಯ ಮಗುವಿನ ಪುಸ್ತಕಕ್ಕೋ, ಶುಲ್ಕಕ್ಕೋ ಕೊಡಿರಿ. ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿ ಇಂತಹ ಇನ್ನೊಬ್ಬರ ಪಾಲಿನದೇ ಆಗಿತ್ತು.