ಟೀ ಬ್ಯಾಗಿಗೆ ಬೈಯುವ ಮೊದಲು

ರೈಲಿನಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಆಸ್ಪತ್ರೆ ಕ್ಯಾಂಟೀನಿನಲ್ಲಿ ಡಿಪ್ ಟೀ ಕೈಗೆ ಬಂದ ಕೂಡಲೇ ನಾವೆಲ್ಲ ಮುಖ ಸಿಂಡರಿಸುತ್ತೇವೆ. 'ಇದೇನು ಟೀನಾ, ದಾರ ಕಟ್ಟಿದ ಬಿಸಿನೀರು' ಎಂದು ಗೇಲಿ ಮಾಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ತಪ್ಪು ಬ್ಯಾಗಿನದ್ದಲ್ಲ, ನೀರಿನದ್ದು.

ಬ್ಯಾಗಿನೊಳಗಿರುವುದು ಹೆಚ್ಚಾಗಿ ಡಸ್ಟ್ ಮತ್ತು ಫ್ಯಾನಿಂಗ್ಸ್. ಹೆಸರು ಕೇಳಿ ಕಾರ್ಖಾನೆಯಲ್ಲಿ ಗುಡಿಸಿದ ಕಸ ಎಂದುಕೊಂಡವರು ನಮ್ಮಲ್ಲೂ ಇದ್ದರು. ಅದು ಕಸವಲ್ಲ, ಜರಡಿ ಹಿಡಿದಾಗ ಸಿಗುವ ಸಣ್ಣ ಕಣದ ಹೆಸರು. ನಾವು ಹೊಗಳಿ ಕುಡಿಯುವ ಬಸ್‌ಸ್ಟ್ಯಾಂಡ್ ಹೋಟೆಲಿನ ಖಡಕ್ ಚಹಾಕ್ಕೂ ಸಾಮಾನ್ಯವಾಗಿ ಬೀಳುವುದು ಡಸ್ಟೇ. ಅಲ್ಲಿ ಹೋಟೆಲಿನವರು ಅದನ್ನು ಕುದಿಸುತ್ತಾರೆ. ಬ್ಯಾಗ್ ಕೈಗೆ ಬಂದಾಗ ಆ ಕೆಲಸ ನಮ್ಮದು. ನಾವು ಮಾಡುವುದೇನು? ಬೆಳಿಗ್ಗೆ ಫ್ಲಾಸ್ಕಿಗೆ ತುಂಬಿದ ನೀರನ್ನು ಹನ್ನೊಂದಕ್ಕೆ ಬಗ್ಗಿಸಿ, ನಾಲ್ಕು ಸಲ ಅದ್ದಿ, ಬೆರಳಲ್ಲಿ ಹಿಂಡಿ ಬಿಸಾಡುತ್ತೇವೆ.

ರುಚಿ ನೋಡದೆ ತೀರ್ಪು ಕೊಡಬಾರದೆಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಮೂರು ಬಗೆಯ ಬ್ಯಾಗ್ ತಂದು, ಹೆಸರು ಮುಚ್ಚಿಟ್ಟು, ಹಾಲು ಸಕ್ಕರೆ ಇಲ್ಲದೆ ಕುಡಿದೆವು. ಅರ್ಧ ನಿಮಿಷಕ್ಕೆ ತೆಗೆದ ಮೂರೂ ಒಂದೇ ಥರ: ಬರೀ ಬಣ್ಣ. ನಾಲ್ಕು ನಿಮಿಷ ಬಿಟ್ಟಾಗ ಒಂದು ಗಟ್ಟಿ, ಒಂದು ಘಮ, ಇನ್ನೊಂದು ಒಗರು ಎಂದು ಬೇರೆಬೇರೆಯಾಗಿ ಗೊತ್ತಾಯಿತು. ಚಹಾ ಪರೀಕ್ಷೆಗೆಂದೇ ಐಎಸ್‌ಒ 3103 ಎಂಬ ಮಾನದಂಡವಿದೆ: 100 ಮಿಲಿಲೀಟರಿಗೆ 2 ಗ್ರಾಂ ಸೊಪ್ಪು, ಕುದಿಯುವ ನೀರು, 6 ನಿಮಿಷ. ಅದು ಗುಣದೋಷ ಎರಡೂ ಬಯಲಾಗಲೆಂದು ಇಟ್ಟ ಲೆಕ್ಕ. ಮನೆಗೆ ಅಷ್ಟು ಬೇಡ.

ಒಂದು ಬ್ಯಾಗಿಗೆ ಸಣ್ಣ ಲೋಟ ನೀರು. ಆಗ ತಾನೇ ಕುದ್ದದ್ದಾಗಿರಲಿ. ಮೇಲೆ ತಟ್ಟೆ ಮುಚ್ಚಿ ಮೂರರಿಂದ ನಾಲ್ಕು ನಿಮಿಷ ಸುಮ್ಮನಿರಿ. ಹಿಂಡಬೇಡಿ, ಒಗರು ಇಳಿಯುತ್ತದೆ. ಹಾಲು ಬೇಕಿದ್ದರೆ ಬ್ಯಾಗ್ ತೆಗೆದ ಮೇಲೆ, ಬಿಸಿಯಾಗಿ, ಸ್ವಲ್ಪವೇ. ಗ್ರೀನ್ ಟೀಗೆ ಮಾತ್ರ ಕುದ್ದ ನೀರು ಕೊಂಚ ಆರಲಿ, ಎರಡು ನಿಮಿಷ ಸಾಕು.

'ಇಷ್ಟಕ್ಕೆಲ್ಲ ಒಂದು ಬರಹವೇ?' ಎಂದು ಕೇಳಬಹುದು. ಹೌದು. ಬಡವರ ಬ್ಯಾಗು ಕಸ, ದುಬಾರಿ ಡಬ್ಬಿಯ ಇಡೀ ಎಲೆಯೇ ಚಹಾ ಎಂಬ ಮಾತು ನಂಬಿಸಿ ಮಾರುವವರಿಗೆ ನಮ್ಮ ಗೇಲಿಯೇ ಬಿಟ್ಟಿ ಜಾಹೀರಾತು. ನೀಲಗಿರಿಯಲ್ಲೋ ಅಸ್ಸಾಮಿನಲ್ಲೋ ಮಳೆಯಲ್ಲಿ ನೆನೆದು ಚಿಗುರು ಕಿತ್ತ ಹೆಂಗಸಿನ ದುಡಿಮೆ ಉಗುರುಬೆಚ್ಚಗಿನ ನೀರಲ್ಲಿ ಹಾಳಾಗುತ್ತದೆ. ಕೊಟ್ಟ ಕಾಸೂ ಅಷ್ಟೇ.

ಮುಂದಿನ ಸಲ ಫ್ಲಾಸ್ಕ್ ಹಿಡಿದು ಬಂದವರ ಮೇಲೆ ರೇಗಬೇಡಿ, ಅವರಿಗೆ ಕೊಟ್ಟು ಕಳಿಸಿದ್ದೇ ಅದು. ಕ್ಯಾಂಟೀನ್ ನಡೆಸುವವರನ್ನು ಕೇಳಿ: 'ಟೀ ದುಡ್ಡು ತಗೊಂಡ ಮೇಲೆ ಕುದಿಯೋ ನೀರು ಕೊಡಿ.' ನಾವಂತೂ ಕೇಳಲು ಶುರು ಮಾಡಿದ್ದೇವೆ.